ಮನೆಯ ವ್ಯಾಯಾಮದ ಸೈಕಲ್ ಮೈಗೆ ಹೊಂದುವಂತೆ ಮಾಡಿಕೊಳ್ಳುವುದು ಹೇಗೆ?

ವ್ಯಾಯಾಮದ ಸೈಕಲ್ ಮನೆಗೆ ಬಂದ ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು. ಎರಡನೇ ವಾರ ಕೂರುವ ಜಾಗ ನೋಯುತ್ತದೆ. ಮೂರನೇ ವಾರ ಮಂಡಿ ಹಿಡಿದುಕೊಳ್ಳುತ್ತದೆ. ಆಮೇಲೆ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗತೊಡಗುತ್ತದೆ. ತಂದವರು "ನನಗೆ ಶಿಸ್ತಿಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. "ಇದು ನನ್ನ ಮಂಡಿಗೆ ಆಗಿಬರೋದಿಲ್ಲ ಕಣೋ" ಎಂದು ಅಮ್ಮ ಹದಿನೈದೇ ದಿನಕ್ಕೆ ಸೈಕಲ್ ಬಿಟ್ಟಿದ್ದರು. ಒಂದು ದಿನ ಅವರು ಕೂತಿದ್ದ ರೀತಿಯನ್ನು ಪಕ್ಕದಲ್ಲಿ ನಿಂತು ನೋಡಿದೆ. ಕೂತಾಗ ಎರಡೂ ಪಾದ ನೆಲಕ್ಕೆ ಊರುವಷ್ಟು ಕೆಳಗೆ ಸೀಟು ಇಳಿಸಿಕೊಂಡಿದ್ದರು. ರಸ್ತೆಯ ಸೈಕಲ್ ಕಲಿಯುವಾಗ ಬಿದ್ದೇವೆಂಬ ಭಯಕ್ಕೆ ನಾವೆಲ್ಲ ಹೀಗೆ ಮಾಡುತ್ತೇವೆ. ಆದರೆ ಈ ಸೈಕಲ್ ಬೀಳುವುದಿಲ್ಲ. ಇದರ ಮೇಲೆ ಕೂತು ನೆಲ ಮುಟ್ಟುವ ಅಗತ್ಯವೇ ಇಲ್ಲ. ಸೀಟು ಎರಡು ತೂತು ಮೇಲಕ್ಕೆ ಹೋಯಿತು. ವಾರದೊಳಗೆ ಮಂಡಿನೋವಿನ ಮಾತು ನಿಂತಿತು.

ಅದಕ್ಕೇ ಹೇಳುತ್ತೇನೆ. ಹೊಸ ಯಂತ್ರ ಕೊಳ್ಳುವ ಮೊದಲು, ಇದ್ದದ್ದನ್ನು ಮಾರುವ ಮೊದಲು, ಅರ್ಧ ಗಂಟೆ ಕೊಟ್ಟು ಅದನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಹೇಗೆಂದು ಒಂದೊಂದಾಗಿ ನೋಡೋಣ.

ನಿಮ್ಮ ಸೈಕಲ್ ಯಾವ ಬಗೆಯದು?

ಮನೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ ಕಾಣುತ್ತೇವೆ. ನೆಟ್ಟಗೆ ಕೂತು ತುಳಿಯುವುದು ಅಪ್‌ರೈಟ್ ಬೈಕ್. ಕುರ್ಚಿಯಂಥ ಸೀಟಿಗೆ ಬೆನ್ನು ಒರಗಿಸಿ, ಕಾಲನ್ನು ಮುಂದಕ್ಕೆ ಚಾಚಿ ತುಳಿಯುವುದು ರಿಕಂಬೆಂಟ್ ಬೈಕ್. ಬೆನ್ನುನೋವು ಇರುವವರಿಗೂ ಹಿರಿಯರಿಗೂ ಇದು ಹಿತ. ಮುಂದಕ್ಕೆ ಬಾಗಿ, ಬೇಕಾದಾಗ ಎದ್ದು ನಿಂತೂ ತುಳಿಯುವುದು ಸ್ಪಿನ್ ಬೈಕ್. ದೊಡ್ಡ ಫ್ಯಾನಿನಂಥ ಚಕ್ರವಿದ್ದು ಕೈಯನ್ನೂ ಹಿಂದೆ ಮುಂದೆ ಆಡಿಸುವುದು ಏರ್ ಬೈಕ್.

ಎಲ್ಲದರ ಒಳಗೂ ಇರುವುದು ಒಂದೇ ತತ್ವ. ಪೆಡಲ್ ತುಳಿದರೆ ಬೆಲ್ಟ್ ಅಥವಾ ಚೈನ್ ಮೂಲಕ ಒಂದು ಗಾಲಿ ತಿರುಗುತ್ತದೆ. ಇದರ ಹೆಸರು ಫ್ಲೈವೀಲ್, ಅಂದರೆ ಭಾರದ ಗಾಲಿ. ಒಮ್ಮೆ ತಿರುಗತೊಡಗಿದರೆ ಅದರ ಭಾರವೇ ಅದನ್ನು ಮುಂದಕ್ಕೆ ಒಯ್ಯುತ್ತದೆ. ಆದ್ದರಿಂದ ತುಳಿತ ಜರ್ಕ್ ಹೊಡೆಯದೆ ಸರಾಗವಾಗಿ ಸಾಗುತ್ತದೆ. ಸಣ್ಣ ಅಪ್‌ರೈಟ್ ಬೈಕುಗಳಲ್ಲಿ ಈ ಗಾಲಿ ನಾಲ್ಕಾರು ಕಿಲೋ ಇರುತ್ತದೆ. ಒಳ್ಳೆಯ ಸ್ಪಿನ್ ಬೈಕುಗಳಲ್ಲಿ ಹತ್ತು ಕಿಲೋ ದಾಟುತ್ತದೆ.

ಗಾಲಿಯನ್ನು ತಡೆಯುವ ಬಲಕ್ಕೆ ರೆಸಿಸ್ಟೆನ್ಸ್ ಎನ್ನುತ್ತಾರೆ. ನಾವು ಅದನ್ನು 'ಬಿಗಿ' ಎನ್ನೋಣ. ಬಿಗಿ ಮೂರು ರೀತಿಯಲ್ಲಿ ಬರುತ್ತದೆ.

ಮೊದಲನೆಯದು ಉಜ್ಜಿಕೆ. ಗಟ್ಟಿ ಉಣ್ಣೆಯ ಪ್ಯಾಡ್ ಗಾಲಿಯನ್ನು ಒತ್ತುತ್ತದೆ. ಅಗ್ಗವಾದ ವಿಧಾನ ಇದು. ಆದರೆ ಪ್ಯಾಡ್ ಸವೆಯುತ್ತದೆ, ಸದ್ದು ಮಾಡುತ್ತದೆ, ಆಗಾಗ ಬದಲಿಸಬೇಕು.

ಎರಡನೆಯದು ಆಯಸ್ಕಾಂತ. ತಿರುಗುವ ಲೋಹದ ಗಾಲಿಯ ಹತ್ತಿರ ಆಯಸ್ಕಾಂತ ಬಂದರೆ ಲೋಹದೊಳಗೇ ಸುಳಿಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ. ಅದರಿಂದ ಹುಟ್ಟುವ ಕಾಂತಬಲ ಗಾಲಿಯ ಓಟಕ್ಕೆ ಎದುರು ನಿಲ್ಲುತ್ತದೆ. ನಾಬ್ ತಿರುಗಿಸಿದಾಗ ಆಯಸ್ಕಾಂತ ಗಾಲಿಯ ಹತ್ತಿರಕ್ಕೆ ಬರುತ್ತದೆ, ಬಿಗಿ ಹೆಚ್ಚುತ್ತದೆ. ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ. ಹಾಗಾಗಿ ಸವೆತವೂ ಇಲ್ಲ, ಸದ್ದೂ ಕಡಿಮೆ.

ಮೂರನೆಯದು ಗಾಳಿ. ಏರ್ ಬೈಕಿನಲ್ಲಿ ವೇಗ ಎರಡರಷ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಜೋರಾಗಿ ತುಳಿದಷ್ಟೂ ಅದೇ ಬಿಗಿಯಾಗುತ್ತ ಹೋಗುತ್ತದೆ.

ಸೀಟಿನ ಎತ್ತರ: ಹಿಮ್ಮಡಿಯ ಪರೀಕ್ಷೆ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ವ್ಯಾಯಾಮಕ್ಕೆ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂತುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಿ. ಈಗ ಮಂಡಿ ನೇರವಾಗಬೇಕು. ಮಂಡಿ ಬಾಗಿಯೇ ಇದ್ದರೆ ಸೀಟು ಕೆಳಗಿದೆ. ಹಿಮ್ಮಡಿ ಎಟುಕಿಸಲು ಸೊಂಟ ಒಂದು ಕಡೆಗೆ ವಾಲಿದರೆ ಸೀಟು ಮೇಲಿದೆ.

ಸರಿಯಾದ ಮೇಲೆ ಪಾದವನ್ನು ಹಿಂದಕ್ಕೆ ಸರಿಸಿ. ಹೆಬ್ಬೆರಳ ಬುಡದ ದಪ್ಪ ಭಾಗ ಪೆಡಲಿನ ನಡುವೆ ಬರಲಿ. ತುಳಿಯಬೇಕಾದದ್ದು ಹೀಗೆಯೇ. ಪೆಡಲ್ ಕೆಳಗಿದ್ದಾಗ ಈಗ ಮಂಡಿ ಸ್ವಲ್ಪ ಬಾಗಿರುತ್ತದೆ. ಸುಮಾರು 25ರಿಂದ 35 ಡಿಗ್ರಿ ಬಾಗು ಇದ್ದರೆ ಸರಿ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ದಾರಿ ಇದೆ. 1986, 1989 ಮತ್ತು 1990ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಸೂತ್ರ ಪ್ರಸಿದ್ಧ. ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ಅಲ್ಲಿಂದ ನೆಲದವರೆಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. ಪೆಡಲ್ ಕೋಲುಗಳು ಸುತ್ತುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರವಿರಬೇಕು. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಸುಮಾರು 70.6 ಸೆಂ.ಮೀ. ಎರಡು ದಾರಿಗೂ ಸ್ವಲ್ಪ ವ್ಯತ್ಯಾಸ ಬಂದರೆ ಹಿಮ್ಮಡಿಯ ಪರೀಕ್ಷೆಯನ್ನೇ ನಂಬಿ. ಮನೆಯ ಸೈಕಲ್‌ಗಳಲ್ಲಿ ಪೆಡಲ್ ಕೋಲಿನ ಉದ್ದ ಬೇರೆ ಬೇರೆ ಇರುತ್ತದೆ.

ಸೀಟಿನ ಕಂಬದ ಮೇಲೆ 'ಮ್ಯಾಕ್ಸ್' ಅಥವಾ 'ಸ್ಟಾಪ್' ಎಂಬ ಗೆರೆ ಇರುತ್ತದೆ. ಅದನ್ನು ದಾಟಿ ಏರಿಸಬೇಡಿ. ಕಂಬ ಮುರಿಯುವ ಅಪಾಯವಿದೆ.

ನಾಲ್ಕು ಜನ ಬಳಸುವ ಮನೆಯಲ್ಲಿ ದಿನವೂ ಅಳೆಯುವುದು ಆಗದ ಕೆಲಸ. ಕಂಬದ ತೂತುಗಳ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿ. ಅಮ್ಮ 4, ಅಪ್ಪ 7 ಎಂದು ಬರೆದಿಡಿ. ಅವರವರ ತೂತಿಗೆ ಪಿನ್ ಹಾಕಿಕೊಂಡು ಕೂರಲಿ.

ಮುಂದೆ, ಹಿಂದೆ ಮತ್ತು ಹ್ಯಾಂಡಲ್

ಸೀಟು ಮುಂದಕ್ಕೂ ಹಿಂದಕ್ಕೂ ಸರಿಯುವಂತಿದ್ದರೆ ಇದನ್ನೂ ನೋಡಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿ ನಿಲ್ಲಲಿ. ಒಂದು ದಾರದ ತುದಿಗೆ ಭಾರದ ನಟ್ಟು ಕಟ್ಟಿ, ಗಾರೆಯವರು ಗೋಡೆಯ ನೇರ ನೋಡುವಂತೆ, ಮುಂದಿರುವ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಡಿ. ದಾರ ಪೆಡಲಿನ ನಡುಭಾಗದ ಆಸುಪಾಸಿಗೆ ಬಂದರೆ ಸಾಕು. ಇದು ಆರಂಭಕ್ಕೆ ಒಂದು ಗುರುತು ಅಷ್ಟೇ. ಹಿತವೆನಿಸುವ ಕಡೆಗೆ ಸ್ವಲ್ಪ ಸರಿಸಿಕೊಳ್ಳಬಹುದು.

ಹ್ಯಾಂಡಲ್ ಆರಂಭದಲ್ಲಿ ಸೀಟಿಗಿಂತ ತುಸು ಮೇಲೆ ಇರಲಿ. ಬೆನ್ನು, ಕತ್ತು ಒಗ್ಗಿದ ಮೇಲೆ ಬೇಕಾದರೆ ಇಳಿಸಿ. ಮೊಣಕೈ ಸಡಿಲವಾಗಿ ಬಾಗಿರಲಿ. ಮೈಭಾರವನ್ನೆಲ್ಲ ಅಂಗೈ ಮೇಲೆ ಹೇರಿದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರ ಒತ್ತಿದ್ದರ ಗುರುತು ಅದು.

ನೋವು ಎಲ್ಲಿದೆ ಎಂಬುದೇ ಏನು ಸರಿಪಡಿಸಬೇಕೆಂದು ಹೇಳುತ್ತದೆ. ಮಂಡಿಯ ಮುಂದೆ ನೋವಿದ್ದರೆ ಸೀಟು ಕೆಳಗಿದೆ, ಇಲ್ಲವೇ ತೀರ ಮುಂದಿದೆ, ಇಲ್ಲವೇ ಬಿಗಿ ಹೆಚ್ಚಾಗಿದೆ. ಮಂಡಿಯ ಹಿಂದೆ ಎಳೆದಂತಾದರೆ ಸೀಟು ಮೇಲಿದೆ ಅಥವಾ ತುಂಬ ಹಿಂದಿದೆ. ಸೊಂಟ ಅತ್ತಿತ್ತ ಆಡುತ್ತಿದ್ದರೆ ಸೀಟು ಮೇಲಿದೆ. ಪಾದ ಮರಗಟ್ಟಿದರೆ ಪೆಡಲಿನ ಪಟ್ಟಿ ಸಡಿಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ತುಳಿದು ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಕೂರುವ ಜಾಗದ ನೋವು

"ರಸ್ತೆಯಲ್ಲಿ ಗಂಟೆಗಟ್ಟಲೆ ಸೈಕಲ್ ಹೊಡೆದವನು ನಾನು, ಮನೆಯಲ್ಲಿ ಇಪ್ಪತ್ತು ನಿಮಿಷಕ್ಕೇ ಏಕೆ ನೋವು?" ಎಂದು ಹಲವರು ಕೇಳುತ್ತಾರೆ. ರಸ್ತೆಯಲ್ಲಿ ಸೈಕಲ್ ನಮ್ಮ ಕೆಳಗೆ ಸದಾ ಅತ್ತಿತ್ತ ವಾಲುತ್ತದೆ. ಇಳಿಜಾರು ಬಂದರೆ ತುಳಿಯುವುದು ನಿಲ್ಲುತ್ತದೆ. ಹಳ್ಳ ಬಂದರೆ ಎದ್ದು ನಿಲ್ಲುತ್ತೇವೆ. ಮನೆಯ ಸೈಕಲ್ ಅಲುಗದು. ಭಾರವೆಲ್ಲ ಒಂದೇ ಜಾಗದ ಮೇಲೆ ಬೀಳುತ್ತಲೇ ಇರುತ್ತದೆ.

ಇದಕ್ಕೆ ಮೊದಲ ಮದ್ದು ಪುಕ್ಕಟೆ. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಬಿಗಿ ಸ್ವಲ್ಪ ಹೆಚ್ಚಿಸಿ, ಪೆಡಲ್ ಮೇಲೆ ಹದಿನೈದು–ಇಪ್ಪತ್ತು ಸೆಕೆಂಡು ಎದ್ದು ತುಳಿಯಿರಿ. ಒತ್ತಿಹೋದ ಜಾಗಕ್ಕೆ ರಕ್ತ ಹರಿಯುತ್ತದೆ. ನಿಮ್ಮದು ಹಗುರವಾದ ಅಪ್‌ರೈಟ್ ಬೈಕ್ ಆದರೆ ಎದ್ದು ನಿಲ್ಲಬೇಡಿ. ನಿಲ್ಲಿಸಿ, ಇಳಿದು, ಅರ್ಧ ನಿಮಿಷ ಓಡಾಡಿ ಮತ್ತೆ ಕೂರಿ.

ಎರಡನೆಯದು ಸೀಟಿನ ಮಟ್ಟ. ಅದರ ಮೇಲೆ ರಸಮಟ್ಟ ಇಟ್ಟು ನೋಡಿ. ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್ ಕೂಡ ಸಾಕು. ಮೂತಿ ಮೇಲೆದ್ದಿದ್ದರೆ ಮುಂಭಾಗ ಒತ್ತುತ್ತದೆ. ಕೆಳಗೆ ಬಾಗಿದ್ದರೆ ಜಾರುತ್ತ ಭಾರ ಕೈಗೆ ಬರುತ್ತದೆ. ಸೀಟಿನ ಅಡಿಯ ನಟ್ಟು ಸಡಿಲಿಸಿ ಸಮ ಮಾಡಿ.

ಮೂರನೆಯದು ಬಟ್ಟೆ. ಸೈಕ್ಲಿಂಗ್ ಶಾರ್ಟ್ಸ್‌ನ ಒಳಗೆ ಮೆತ್ತೆ ಹೊಲಿದಿರುತ್ತಾರೆ. ಅದರ ಒಳಗೆ ಬೇರೆ ಒಳಉಡುಪು ಹಾಕಬಾರದು. ಹಾಕಿದರೆ ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ಹೆಣ್ಣುಮಕ್ಕಳ ಶಾರ್ಟ್ಸ್‌ನಲ್ಲಿ ಮೆತ್ತೆಯ ಆಕಾರ ಬೇರೆ. ಕೇಳಿ ತೆಗೆದುಕೊಳ್ಳಿ. ಮೇಲೆ ಸಡಿಲ ಪ್ಯಾಂಟ್ ಹಾಕಿಕೊಂಡರೂ ಅಡ್ಡಿಯಿಲ್ಲ.

ಜೆಲ್ ಕವರ್ ಹಾಕಿದರೆ ಸಾಲದೇ? ಹದಿನೈದು ನಿಮಿಷಕ್ಕೆ ಹಿತವೆನಿಸಬಹುದು. ಆದರೆ ನಮ್ಮ ಭಾರ ಹೊರಬೇಕಾದವು ಕೂರುವ ಎರಡು ಮೂಳೆಗಳು. ಸೀಟು ಅತಿ ಮೆತ್ತಗಾದರೆ ಮೂಳೆಗಳು ಅದರೊಳಗೆ ಹುದುಗಿ, ನಡುವಿನ ಮೃದು ಭಾಗವೇ ಒತ್ತಿಕೊಳ್ಳುತ್ತದೆ. ದೀರ್ಘ ಹೊತ್ತಿಗೆ ಸರಿಯಾದ ಅಗಲದ, ತುಸು ಗಟ್ಟಿ ಸೀಟೇ ಮೇಲು. ಅಗಲ ತಿಳಿಯಲು ಒಂದು ರಟ್ಟಿನ ಪೆಟ್ಟಿಗೆಯ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಎರಡು ನಿಮಿಷ ಕೂರಿ. ಎರಡು ಗುಳಿಗಳು ಮೂಡುತ್ತವೆ. ಅವುಗಳ ನಡುವಿನ ಅಂತರ ಅಳೆದು, ಅದಕ್ಕಿಂತ ಎರಡು ಸೆಂ.ಮೀ.ನಷ್ಟು ಅಗಲವಾದ ಸೀಟು ನೋಡಿ.

ಮೊದಲ ಒಂದೆರಡು ವಾರ ಸ್ವಲ್ಪ ನೋವು ಇದ್ದೇ ಇರುತ್ತದೆ. ಜೋಮು ಮಾತ್ರ ಸಹಿಸಿಕೊಳ್ಳಬೇಕಾದದ್ದಲ್ಲ. ಮರಗಟ್ಟಿದಂತಾದರೆ ಕೂಡಲೇ ನಿಲ್ಲಿಸಿ, ಸೀಟು ಸರಿಪಡಿಸಿ.

ಎದುರಿಗೊಂದು ಫ್ಯಾನ್

ಮನೆಯಲ್ಲಿ ಬೇಗ ಸುಸ್ತಾಗುವುದಕ್ಕೆ ದೊಡ್ಡ ಕಾರಣ ಶಾಖ. ನಮ್ಮ ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಪೆಡಲ್‌ಗೆ ಸೇರುವುದು ಸುಮಾರು ಕಾಲುಭಾಗ ಅಥವಾ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಶಾಖ. ನೀವು 100 ವಾಟ್‌ನಷ್ಟು ತುಳಿದರೆ 300ರಿಂದ 400 ವಾಟ್ ಶಾಖ ಮೈಯಿಂದ ಹೊರಗೆ ಹೋಗಬೇಕು. ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸಿ ಮೈ ತಣಿಸುತ್ತದೆ. ಕೋಣೆಯಲ್ಲಿ ಗಾಳಿ ನಿಂತಿರುತ್ತದೆ. ಬೆವರು ಹನಿಹನಿಯಾಗಿ ನೆಲಕ್ಕೆ ಬಿದ್ದರೆ ತಂಪಿಲ್ಲ, ಆರಿದರೆ ಮಾತ್ರ ತಂಪು. ಮೈ ಬಿಸಿಯಾದಂತೆ ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕು. ಆದ್ದರಿಂದ ತುಳಿತ ಅಷ್ಟೇ ಇದ್ದರೂ ಎದೆಬಡಿತ ಏರುತ್ತ ಹೋಗುತ್ತದೆ.

ಸೀಲಿಂಗ್ ಫ್ಯಾನಿನ ಗಾಳಿ ತಲೆಯ ಮೇಲೆ ಬೀಳುತ್ತದೆ. ಬೇಕಾದದ್ದು ಎದೆಗೆ. ಟೇಬಲ್ ಫ್ಯಾನ್ ಅಥವಾ ಪೆಡೆಸ್ಟಲ್ ಫ್ಯಾನನ್ನು ಮುಂದೆ ನಾಲ್ಕೈದು ಅಡಿ ದೂರದಲ್ಲಿಡಿ. ಕಿಟಕಿ ತೆರೆದಿರಲಿ. ಮಂಗಳೂರು, ಕಾರವಾರದಂಥ ಊರುಗಳ ತೇವದ ಸೆಕೆಯಲ್ಲಿ ಬೆವರು ಸುಲಭಕ್ಕೆ ಆರದು. ಅಲ್ಲಿ ಬೆಳಗಿನ ಜಾವವೇ ಒಳ್ಳೆಯದು. ಪಕ್ಕದಲ್ಲಿ ನೀರಿರಲಿ. ಮುಕ್ಕಾಲು ಗಂಟೆ ಮೀರಿ ಬೆವರು ಸುರಿಸಿದ ದಿನ ಉಪ್ಪು ಬೆರೆಸಿದ ನೀರುಮಜ್ಜಿಗೆ ಕುಡಿಯಿರಿ. ಬಿ.ಪಿ.ಗೆಂದು ಉಪ್ಪು ಬಿಟ್ಟವರು ಬರಿಯ ನೀರನ್ನೇ ಕುಡಿಯಲಿ.

ಮೀಟರ್ ಹೇಳುವುದನ್ನು ಎಷ್ಟು ನಂಬಬೇಕು?

ಕಡಿಮೆ ಬೆಲೆಯ ಸೈಕಲ್‌ಗಳ ಮೀಟರ್, ಚಕ್ರ ಎಷ್ಟು ಸುತ್ತಿತು ಎಂದಷ್ಟೇ ಎಣಿಸುತ್ತದೆ. ನಾಬ್ ಎಷ್ಟು ಬಿಗಿಯಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಬಿಗಿ ಪೂರ್ತಿ ಸಡಿಲಿಸಿ ಗಿರಗಿರನೆ ತಿರುಗಿಸಿದರೂ ಅದು ಕ್ಯಾಲೊರಿ ಏರಿಸುತ್ತಲೇ ಇರುತ್ತದೆ. ಆದ್ದರಿಂದ ಆ ಕ್ಯಾಲೊರಿ ನೋಡಿ ಊಟದ ಲೆಕ್ಕ ಹಾಕಬೇಡಿ. ವಾಟ್ ಅನ್ನು ನಿಜವಾಗಿ ಅಳೆಯುವ ಯಂತ್ರವಿದ್ದರೆ ಒಂದು ಸುಲಭದ ಲೆಕ್ಕವಿದೆ. ಒಂದು ಗಂಟೆ 100 ವಾಟ್ ತುಳಿದರೆ ಮೈ ಸುಮಾರು 350 ಕ್ಯಾಲೊರಿ ಖರ್ಚು ಮಾಡುತ್ತದೆ.

ಮೀಟರ್ ಇಲ್ಲದೆಯೂ ಮೂರು ಸಂಗತಿ ತಿಳಿಯಬಹುದು. ಒಂದು, ತುಳಿತದ ವೇಗ. ಇದಕ್ಕೆ ಕ್ಯಾಡೆನ್ಸ್ ಎನ್ನುತ್ತಾರೆ, ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು. ಬಲಮಂಡಿ ಹದಿನೈದು ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತೆಂದು ಎಣಿಸಿ, ನಾಲ್ಕರಿಂದ ಗುಣಿಸಿ. ಹೊಸಬರಿಗೆ 60ರಿಂದ 80 ಸರಿ. ಅಭ್ಯಾಸವಾದವರು 80ರಿಂದ 100 ತುಳಿಯುತ್ತಾರೆ. ವಿಪರೀತ ಬಿಗಿ ಇಟ್ಟು 50ಕ್ಕಿಂತ ಕಡಿಮೆ ತುಳಿದರೆ ಮಂಡಿಗೆ ಭಾರ.

ಎರಡು, ಮಾತಿನ ಪರೀಕ್ಷೆ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಂತಿದ್ದರೆ ಮಧ್ಯಮ ಶ್ರಮ. ಮೂರ್ನಾಲ್ಕು ಪದಕ್ಕೇ ಉಸಿರು ಎಳೆಯುವಂತಾದರೆ ಜೋರು ಶ್ರಮ.

ಮೂರು, ಎದೆಬಡಿತ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತದ ಸ್ಥೂಲ ಅಂದಾಜು. 45 ವರ್ಷದವರಿಗೆ 175. ಅದರ 64ರಿಂದ 76 ಶೇಕಡಾ, ಅಂದರೆ 112ರಿಂದ 133, ಮಧ್ಯಮ ಶ್ರಮ. ಬಿ.ಪಿ. ಅಥವಾ ಹೃದಯಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಅಷ್ಟು ಏರುವುದಿಲ್ಲ. ಅವರು ಮಾತಿನ ಪರೀಕ್ಷೆಯನ್ನೇ ಅನುಸರಿಸಲಿ.

ಎಂಟು ವಾರದ ದಾರಿ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು. ಮೊದಲ ವಾರವೇ ಅಲ್ಲಿಗೆ ಜಿಗಿಯುವುದು ಬೇಡ.

ಮೊದಲ ಎರಡು ವಾರ: ವಾರಕ್ಕೆ 4 ದಿನ, ದಿನಕ್ಕೆ 15 ನಿಮಿಷ. ಹಗುರ ಬಿಗಿ, ಆರಾಮದ ಮಾತು.

ಮೂರು ಮತ್ತು ನಾಲ್ಕನೇ ವಾರ: 4 ದಿನ, 20ರಿಂದ 25 ನಿಮಿಷ. ನಡುವೆ ಹತ್ತು ನಿಮಿಷ ಮಧ್ಯಮ ಶ್ರಮ.

ಐದು ಮತ್ತು ಆರನೇ ವಾರ: 4 ದಿನ, 30 ನಿಮಿಷ. ಅದರಲ್ಲಿ ಒಂದು ದಿನ ಇಂಟರ್ವಲ್, ಅಂದರೆ ಜೋರು–ನಿಧಾನದ ಸರದಿ. 5 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. 1 ನಿಮಿಷ ಜೋರು, 2 ನಿಮಿಷ ನಿಧಾನ. ಹೀಗೆ ಆರು ಸಲ. ಕೊನೆಗೆ ಉಳಿದ ಹೊತ್ತು ಹಗುರ ತುಳಿತ.

ಏಳು ಮತ್ತು ಎಂಟನೇ ವಾರ: 5 ದಿನ, 30 ನಿಮಿಷ. ಅಲ್ಲಿಗೆ 150 ನಿಮಿಷ ಆಯಿತು. ಇಂಟರ್ವಲ್ ಒಂದೇ ದಿನ ಇರಲಿ.

ದಿನವೂ ಜೋರಾಗಿ ತುಳಿದರೆ ಬೇಗ ಸುಧಾರಿಸುವುದಿಲ್ಲವೇ? ಇಲ್ಲ. ದೇಹ ಬಲಗೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲಿ. ಹೆಚ್ಚು ದಿನ ಹಗುರ, ಒಂದೆರಡು ದಿನ ಜೋರು ಎಂಬ ಹದವೇ ಬಹುಕಾಲ ಬಾಳುತ್ತದೆ. ಚೆನ್ನಾಗಿ ಒಗ್ಗಿದ ಮೇಲೆ ನಾರ್ವೆಯ ಟ್ರೊಂಡ್‌ಹೈಮ್‌ನ ಸಂಶೋಧಕರು ಪ್ರಚಾರಕ್ಕೆ ತಂದ ಕ್ರಮವನ್ನು ಪ್ರಯತ್ನಿಸಬಹುದು: 4 ನಿಮಿಷ ಜೋರು, 3 ನಿಮಿಷ ನಿಧಾನ, ನಾಲ್ಕು ಸಲ. ಸುಧಾರಣೆ ತಿಳಿಯಬೇಕೆಂದರೆ ತಿಂಗಳಿಗೊಮ್ಮೆ ಒಂದೇ ಬಿಗಿ, ಒಂದೇ ವೇಗದಲ್ಲಿ ಹತ್ತು ನಿಮಿಷ ತುಳಿದು ಎದೆಬಡಿತ ಬರೆದಿಡಿ. ಅದು ಇಳಿಯುತ್ತ ಬಂದರೆ ಹೃದಯ ಬಲಗೊಳ್ಳುತ್ತಿದೆ ಎಂದರ್ಥ.

ಯಾರು ಎಚ್ಚರ ವಹಿಸಬೇಕು?

ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ತುಳಿಯಬೇಡಿ. ಕೈಗೆಟುಕುವಲ್ಲಿ ಸಕ್ಕರೆ ಇಟ್ಟುಕೊಳ್ಳಿ. ಎದೆಯಲ್ಲಿ ಬಿಗಿತ, ತಲೆಸುತ್ತು, ಎಡಗೈ ಅಥವಾ ದವಡೆಯ ನೋವು ಬಂದರೆ ತಕ್ಷಣ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಸೀರೆಯ ಸೆರಗು, ದುಪಟ್ಟಾ, ಪಂಚೆ ಪೆಡಲಿಗೆ ಸಿಕ್ಕಿಕೊಳ್ಳುತ್ತವೆ. ಮೈಗೆ ಹೊಂದುವ ಬಟ್ಟೆ ತೊಡಿ. ಬರಿಗಾಲು, ಚಪ್ಪಲಿ ಬೇಡ. ತಳ ಗಟ್ಟಿಯಿರುವ ಶೂ ಇರಲಿ. ಹಲವು ಸ್ಪಿನ್ ಬೈಕುಗಳಲ್ಲಿ ನೀವು ನಿಲ್ಲಿಸಿದರೂ ಗಾಲಿ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಕಾಲು ತಟ್ಟನೆ ತೆಗೆಯಬೇಡಿ. ಬಿಗಿಯ ನಾಬ್ ಅನ್ನು ಕೆಳಗೆ ಒತ್ತಿದರೆ ಅದೇ ಬ್ರೇಕ್. ಪುಟ್ಟ ಮಕ್ಕಳು ತಿರುಗುವ ಗಾಲಿಗೆ ಬೆರಳು ಹಾಕದಂತೆ ನೋಡಿಕೊಳ್ಳಿ.

ಆರೈಕೆ

ತುಳಿದ ಮೇಲೆ ಬೆವರು ಒರೆಸಿ. ಉಪ್ಪಿನ ಬೆವರು ನಟ್ಟು ಬೋಲ್ಟುಗಳಿಗೆ ತುಕ್ಕು ತರುತ್ತದೆ. ತಿಂಗಳಿಗೊಮ್ಮೆ ನಟ್ಟುಗಳನ್ನು ಬಿಗಿಗೊಳಿಸಿ. ಕಟಕಟ ಸದ್ದು ಬಂದರೆ ಮೊದಲು ಪೆಡಲ್ ನೋಡಿ. ಬಲ ಪೆಡಲ್ ಎಲ್ಲ ತಿರುಪಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡ ಪೆಡಲ್ ಉಲ್ಟಾ, ಅದನ್ನು ಎಡಕ್ಕೆ ತಿರುಗಿಸಬೇಕು. ಇದು ತಿಳಿಯದೆ ಬಲವಂತ ಮಾಡಿ ಮರೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಕೈ ಹರಿಯದಿದ್ದರೆ ಬೀದಿಯ ಸೈಕಲ್ ಶಾಪಿನವರನ್ನು ಕರೆಯಿರಿ. ಪೆಡಲ್, ಸೀಟಿನ ಕೆಲಸ ಅವರಿಗೆ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನವರು ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಕೆಳಮನೆಯವರಿಗೆ ಅದುರು ಕೇಳಿಸದು.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಸಾಧಾರಣ ಅಪ್‌ರೈಟ್ ಅಥವಾ ಏರ್ ಬೈಕ್ ಸುಮಾರು 6,000ದಿಂದ 12,000 ರೂಪಾಯಿ. ಸ್ಪಿನ್ ಬೈಕ್ ಸುಮಾರು 12,000ದಿಂದ 30,000. ಮೆತ್ತೆಯ ಶಾರ್ಟ್ಸ್, ರಬ್ಬರ್ ಮ್ಯಾಟ್ ಒಂದೊಂದೂ ಸುಮಾರು ಸಾವಿರದ ಆಸುಪಾಸು. ಡೆಕತ್ಲಾನ್‌ನಂಥ ಕ್ರೀಡಾ ಮಳಿಗೆಗಳಲ್ಲಿ, ಜಿಲ್ಲಾ ಕೇಂದ್ರಗಳ ವ್ಯಾಯಾಮ ಸಲಕರಣೆಯ ಅಂಗಡಿಗಳಲ್ಲಿ, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಸಿಗುತ್ತವೆ.

ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಿಲೋ ತೂಕದವರನ್ನು ಹೊರುತ್ತದೆ? ಮನೆಯ ಅತಿ ಕುಳ್ಳಗಿನವರಿಗೂ ಅತಿ ಎತ್ತರದವರಿಗೂ ಸೀಟು ಹೊಂದುತ್ತದೆಯೇ? ನಿಮ್ಮ ಊರಿಗೆ ಸರ್ವಿಸ್‌ಗೆ ಬರುತ್ತಾರೆಯೇ? ಸಾಮಾನ್ಯ ಸೈಕಲ್ ಸೀಟು ಇದಕ್ಕೆ ಕೂರುತ್ತದೆಯೇ? ಸಾಧ್ಯವಾದರೆ ಅಂಗಡಿಯಲ್ಲೇ ಹತ್ತು ನಿಮಿಷ ತುಳಿದು ನೋಡಿ. ಒಎಲ್ಎಕ್ಸ್‌ನಲ್ಲಿ ಹೆಚ್ಚು ಬಳಸದ ಸೈಕಲ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಗಾಲಿ ಓಲಾಡದೆ ನೇರ ತಿರುಗುತ್ತದೆಯೇ, ಪೆಡಲ್ ಕೋಲು ಅಲುಗುತ್ತದೆಯೇ, ಸೀಟಿನ ಕಂಬದಲ್ಲಿ ತುಕ್ಕಿದೆಯೇ ಎಂದು ಪರೀಕ್ಷಿಸಿ.

ಆದರೆ ಹಣ ತೆಗೆಯುವ ಮೊದಲು ಒಂದು ಕೆಲಸ. ಮೂಲೆಯಲ್ಲಿರುವ ಸೈಕಲ್ ಮೇಲಿನ ಟವೆಲ್ ತೆಗೆಯಿರಿ. ಪೆಡಲ್ ಮೇಲೆ ಹಿಮ್ಮಡಿ ಇಟ್ಟು ನೋಡಿ. ಮಂಡಿ ಬಾಗಿಯೇ ಇದ್ದರೆ ಸೀಟನ್ನು ಒಂದು ತೂತು ಏರಿಸಿ, ಎದುರಿಗೆ ಫ್ಯಾನ್ ಹಾಕಿ, ಹದಿನೈದೇ ನಿಮಿಷ ತುಳಿಯಿರಿ. ನಮ್ಮ ಮನೆಯ ಸ್ಟಿಕ್ಕರ್ ಮೇಲೆ ಅಮ್ಮನ ಅಂಕಿ ಈಗಲೂ 4. ದಿನವೂ ಸಂಜೆ ಅವರು ಪಿನ್ನನ್ನು ತಾವೇ ಅಲ್ಲಿಗೆ ಸರಿಸಿಕೊಂಡು ಕೂರುತ್ತಾರೆ.